ಹೊಸೂರು ರಸ್ತೆಯ ಹಳೇ ಕೇಸುಗಳು

ಚಂದಾಪುರದವರಿಗೆ ಪಹಣಿ ಬೇಕಾದರೆ ಹೋಗಬೇಕಾದದ್ದು ಆನೇಕಲ್ ತಾಲ್ಲೂಕು ಕಚೇರಿಗೆ, ಅಂದರೆ ಬೆಂಗಳೂರು ನಗರ ಜಿಲ್ಲೆಗೆ. ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಕಳುವಾದರೆ ಮಾತ್ರ ಆ ಕೇಸು ಸೇರುವುದು ಬೆಂಗಳೂರು ಗ್ರಾಮಾಂತರ ಜಿಲ್ಲಾ ಪೊಲೀಸರ ಲೆಕ್ಕಕ್ಕೆ. ಕಂದಾಯಕ್ಕೆ ನಗರ, ಪೊಲೀಸಿಗೆ ಗ್ರಾಮಾಂತರ! ಹೊಸೂರು ರಸ್ತೆಯಲ್ಲಿ ಒಂದು ಕಡೆಗೆ ಹತ್ತು ನಿಮಿಷ ಹೋದರೆ ಎಲೆಕ್ಟ್ರಾನಿಕ್ ಸಿಟಿ; ಅಲ್ಲಿ ನಗರ ಪೊಲೀಸ್ ಕಮಿಷನರ ಆಡಳಿತ. ಇನ್ನೊಂದು ಕಡೆಗೆ ಹೋದರೆ ಅತ್ತಿಬೆಲೆ. ಅದು ದಾಟಿದರೆ ತಮಿಳುನಾಡು. ಈ ಭಾಗದಲ್ಲಿ ಠಾಣೆ ಮೆಟ್ಟಿಲು ಹತ್ತಿದವರಿಗೆ ಮೊದಲು ಕೇಳಿಸುವ ಪ್ರಶ್ನೆ ‘ಏನಾಯ್ತು’ ಅಂತಲ್ಲ, ‘ಎಲ್ಲಾಯ್ತು’ ಅಂತ. ಉತ್ತರ ಸರಿ ಹೊಂದದಿದ್ದರೆ ‘ಇದು ನಮ್ಮ ಲಿಮಿಟ್‌ಗೆ ಬರಲ್ಲ’.

ಬೆಂಗಳೂರಿನ ಅಪರಾಧಗಳ ಚರಿತ್ರೆಯನ್ನು ನಡೆದು ನೋಡಬೇಕೆಂದರೆ ಈ ಲಿಮಿಟ್ಟುಗಳನ್ನೇ ಹಿಡಿದು ಹೋಗುವುದು ವಾಸಿ.

ಅಪರಾಧ ನಡೆದ ಜಾಗಗಳನ್ನು ಗೈಡ್ ಕಟ್ಟಿಕೊಂಡು ಸುತ್ತುವ ಪದ್ಧತಿಗೆ ಹೆಸರಾದದ್ದು ಲಂಡನ್ನಿನ ವೈಟ್‌ಚಾಪೆಲ್. 1888ರ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಅಲ್ಲಿ ಐದು ಮಂದಿ ಬಡ ಹೆಂಗಸರ ಕೊಲೆಯಾಯಿತು. ಕೊಂದವನು ಸಿಕ್ಕಲಿಲ್ಲ, ‘ಜಾಕ್ ದಿ ರಿಪ್ಪರ್’ ಎಂಬ ಹೆಸರು ಮಾತ್ರ ಸಿಕ್ಕಿತು. ಇವತ್ತಿಗೂ ಸಂಜೆಯಾದರೆ ಆ ಗಲ್ಲಿಗಳಲ್ಲಿ ಟಿಕೆಟ್ ಕೊಂಡವರ ಗುಂಪುಗಳು ಒಂದರ ಹಿಂದೊಂದು ಸಾಗುತ್ತವೆ. 2015ರಲ್ಲಿ ಅದೇ ಪೂರ್ವ ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ ಮಹಿಳೆಯರ ಇತಿಹಾಸದ ಮ್ಯೂಸಿಯಂ ಮಾಡುತ್ತೇವೆಂದು ಅನುಮತಿ ಪಡೆದವರು ಕೊನೆಗೆ ತೆರೆದದ್ದು ರಿಪ್ಪರನ ಮ್ಯೂಸಿಯಮ್ಮನ್ನು. ಊರಿನವರು ಬೀದಿಗಿಳಿದು ಪ್ರತಿಭಟಿಸಿದರು. ಕೊಲಂಬಿಯಾದ ಮೆಡೆಲಿನ್ ನಗರದ್ದು ಇನ್ನೊಂದೇ ದಾರಿ. ಪಾಬ್ಲೊ ಎಸ್ಕೊಬಾರ್ ವಾಸವಿದ್ದ ಮೊನಾಕೊ ಕಟ್ಟಡವನ್ನು ನೋಡಲು ಪ್ರವಾಸಿಗರು ಮುಗಿಬೀಳುತ್ತಿದ್ದದ್ದು ಕಂಡು ಆಡಳಿತ 2019ರ ಫೆಬ್ರವರಿಯಲ್ಲಿ ಅದನ್ನು ಸ್ಫೋಟಕ ಇಟ್ಟು ಕೆಡವಿತು. ಆ ಜಾಗದಲ್ಲೀಗ ಸತ್ತವರ ನೆನಪಿನ ಉದ್ಯಾನವಿದೆ.

ಬೆಂಗಳೂರಿನ ಹೆರಿಟೇಜ್ ನಡಿಗೆಗಳಲ್ಲಿ ಕೋಟೆ, ಪೇಟೆ, ಕಬ್ಬನ್ ಪಾರ್ಕು, ಕೊನೆಗೊಂದು ಮಸಾಲೆದೋಸೆ ಇರುತ್ತವೆ. ಕೊಲೆ, ಸುಲಿಗೆ, ಸೆರೆಮನೆಗಳ ಸುತ್ತ ಒಂದು ದಾರಿ ಹಾಕುವ ಗೈಡ್ ಪೇಟೆಯಿಂದ ಹೊರಟು ಹೊಸೂರು ರಸ್ತೆ ಹಿಡಿದು ಗಡಿಯವರೆಗೆ ಬರಬೇಕಾಗುತ್ತದೆ. ನಡಿಗೆ ಎನ್ನುವುದು ಹೆಸರಿಗಷ್ಟೆ. ಸಿಲ್ಕ್ ಬೋರ್ಡಿನಿಂದಾಚೆ ಫುಟ್‌ಪಾತನ್ನು ನಂಬಿಕೊಂಡು ಯಾರನ್ನೂ ಕರೆದೊಯ್ಯಲಾಗದು. ಪುಣ್ಯಕ್ಕೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಗಿದೆ. ಬೊಮ್ಮಸಂದ್ರದಲ್ಲಿ ಇಳಿದರೆ ಮುಂದಿನದು ಚಂದಾಪುರವೇ.

ಕತೆ ಶುರುವಾಗಬೇಕಾದದ್ದು 1799ರಲ್ಲಿ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅದಾದ ಸ್ವಲ್ಪ ದಿನಕ್ಕೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಸಿಕ್ಕಿಬಿದ್ದರು. ಇವರು ದಾರಿಹೋಕರ ಜತೆ ಸ್ನೇಹ ಬೆಳೆಸಿ, ಸಮಯ ನೋಡಿ ಕತ್ತಿಗೆ ಬಟ್ಟೆ ಬಿಗಿದು ಕೊಂದು, ಹೂತು, ಸಾಮಾನು ಹಂಚಿಕೊಳ್ಳುತ್ತಿದ್ದವರು. ಆದರೆ ಹಿಡಿದವರಿಗೆ ತಾವು ಹಿಡಿದದ್ದು ಯಾರನ್ನು ಎಂಬುದೇ ಹೊಳೆಯಲಿಲ್ಲ. 1807ರಲ್ಲಿ ಚಿತ್ತೂರು–ಆರ್ಕಾಟಿನ ನಡುವೆ, ತಿರುವಾಂಕೂರಿನ ಕಡೆಯಿಂದ ಲೂಟಿ ಹೊತ್ತು ವಾಪಸಾಗುತ್ತಿದ್ದ ಇನ್ನೊಂದು ತಂಡ ಸಿಕ್ಕಿದ ಮೇಲೆಯೇ ಕಂಪನಿ ಸರ್ಕಾರಕ್ಕೆ ಈ ಕಸುಬಿನ ಆಳ ತಿಳಿದದ್ದು. ಉತ್ತರದಲ್ಲಿ ‘ಠಕ್ಕರು’ ಎಂದು ಕಂಪನಿಯ ಅಧಿಕಾರಿ ಸ್ಲೀಮನ್ ಬೆನ್ನಟ್ಟಿದ್ದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು.

ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಬಗ್ಗೆ ಒಂದು ಲೇಖನ ಬರೆದ. ಕನ್ನಡ ಸೀಮೆಯಲ್ಲಿ ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಅದರಲ್ಲಿ ಗುರುತು ಹಾಕಿಕೊಂಡಿದ್ದಾನೆ; ನರದ ತಂತಿಯ ಕುಣಿಕೆಯಿಂದ ಬಂದ ಹೆಸರು. ಹೈದರಾಲಿ ಇವರಲ್ಲಿ ಕೆಲವರನ್ನು ವಿಚಾರಣೆಯ ಗೋಜಿಲ್ಲದೆ ಮುಗಿಸಿದ. ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆ, ಕೆಲವರಿಗೆ ಕೈಕಾಲು ಕತ್ತರಿಸುವ ಶಿಕ್ಷೆ. ದಿವಾನ್ ಪೂರ್ಣಯ್ಯ ಹೆದ್ದಾರಿ ದರೋಡೆಗೆ ಮರಣದಂಡನೆಯನ್ನೇ ಗೊತ್ತುಮಾಡಿದ. ಇಷ್ಟಾದರೂ ಕಸುಬು ನಿಲ್ಲಲಿಲ್ಲ. ಏಕೆಂದರೆ ಇವರು ತಮ್ಮ ಊರಿನ ಸುತ್ತಮುತ್ತ ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ. ಲೂಟಿಯಲ್ಲಿ ಪಾಲು ಪಡೆಯುವ ಪಾಳೆಯಗಾರರು ಊರಲ್ಲಿ ನೆರಳು ಕೊಡುತ್ತಿದ್ದರು. ಕೊಲೆ ನಡೆಯುತ್ತಿದ್ದದ್ದು ದೂರದ ಇನ್ನೊಬ್ಬರ ಸೀಮೆಯಲ್ಲಿ. ಸತ್ತವನು ಮೂರನೆಯ ಸೀಮೆಯವನು. ಮನೆಯವರು ಅವನು ಇನ್ನೂ ದಾರಿಯಲ್ಲಿದ್ದಾನೆ ಎಂದುಕೊಂಡು ಕಾಯುತ್ತಿದ್ದರು. ದೂರು ಕೊಡುವವನೇ ಇಲ್ಲದ ಮೇಲೆ ಕೇಸೆಲ್ಲಿಯದು?

ಇಲ್ಲಿ ಗೈಡ್ ಸ್ವಲ್ಪ ನಿಧಾನಿಸಬೇಕು. ಠಕ್ಕರ ಕತೆ ಬ್ರಿಟಿಷರ ಕೈಯಲ್ಲಿ ಊದಿಕೊಂಡು, 1839ರಲ್ಲಿ ಮೆಡೋಸ್ ಟೇಲರನ ಕಾದಂಬರಿಯಾಗಿ ಲಂಡನ್ನಿನಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. ಹುಟ್ಟಿನಿಂದಲೇ ಕಳ್ಳರಾದ ಜಾತಿಗಳಿವೆ ಎಂಬ ನಂಬಿಕೆ ಬಲಿತು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಯಿತು. ಹುಟ್ಟಿದ ಜಾತಿಯ ಕಾರಣಕ್ಕೇ ಠಾಣೆಯ ಪುಸ್ತಕಕ್ಕೆ ಹೆಸರು ಸೇರುವ ಸ್ಥಿತಿ ಸಾವಿರಾರು ಕುಟುಂಬಗಳಿಗೆ ಬಂತು. ಕಾಯ್ದೆ ರದ್ದಾದದ್ದು 1952ರಲ್ಲಿ. ಆದರೆ ಊರಿನಲ್ಲಿ ಕಳ್ಳತನವಾದರೆ ಮೊದಲು ಯಾವ ಗುಡಿಸಲಿಗೆ ಪೊಲೀಸರು ಹೋಗುತ್ತಾರೆ ಎಂಬುದರಲ್ಲಿ ಅದಿನ್ನೂ ಪೂರ್ತಿ ರದ್ದಾಗಿಲ್ಲ.

‘ಯಾರ ಲಿಮಿಟ್’ ಎಂಬ ತಕರಾರಿಗೆ ಕಾನೂನು ಉತ್ತರ ಕೊಟ್ಟದ್ದು ತೀರಾ ಈಚೆಗೆ. ಯಾವ ಠಾಣೆಗೆ ಹೋದರೂ ದೂರು ಬರೆದುಕೊಂಡು, ಸೊನ್ನೆ ನಂಬರಿನ ಎಫ್‌ಐಆರ್ ಮಾಡಿ, ಸಂಬಂಧಪಟ್ಟ ಠಾಣೆಗೆ ಕಳಿಸಬೇಕೆಂಬ ಕ್ರಮ 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಬಲಗೊಂಡು, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೇರಿತು. ತಂತಿ ಕಳ್ಳರಿಗೂ ಈ ಕಲಮಿಗೂ ನಡುವೆ ಇನ್ನೂರಿಪ್ಪತ್ತೈದು ವರ್ಷ.

ಊರೊಳಗೂ ಒಂದು ಗಡಿ ಇತ್ತು. 1809ರಲ್ಲಿ ಬ್ರಿಟಿಷರ ದಂಡು ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ ದಂಡು ಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಯಲ್ಲಿ ಮಹಾರಾಜರ ಪೊಲೀಸು, ದಂಡಿನಲ್ಲಿ ರೆಸಿಡೆಂಟರ ಪೊಲೀಸು. 1947ರವರೆಗೆ ಒಂದೇ ಬೆಂಗಳೂರಿನಲ್ಲಿ ಎರಡು ಸರ್ಕಾರಗಳ ಕೋರ್ಟು ಕಚೇರಿ ನಡೆದವು. ಇಡೀ ನಗರಕ್ಕೆ ಪೊಲೀಸ್ ಕಮಿಷನರ್ ಹುದ್ದೆ ಬಂದದ್ದು 1963ರಲ್ಲಿ.

ಪೇಟೆ ಕಡೆಯ ಜೈಲು ಕಟ್ಟಿದ್ದು 1867ರಲ್ಲಿ. ಶೇಷಾದ್ರಿ ರಸ್ತೆಯ ಆ ಸೆಂಟ್ರಲ್ ಜೈಲು 2008ರಿಂದ ಫ್ರೀಡಂ ಪಾರ್ಕ್ ಆಗಿದೆ. ನಡುವೆ ಕಾವಲುಗೋಪುರ, ಅದರ ಸುತ್ತ ಚಕ್ರದ ಅರಗಳ ಹಾಗೆ ಚಾಚಿಕೊಂಡ ಬ್ಯಾರಕ್ಕುಗಳು. ಗೋಪುರದ ಮೇಲೆ ನಿಂತ ಒಬ್ಬ ಕಾವಲುಗಾರನಿಗೆ ಎಲ್ಲ ಸಾಲುಗಳೂ ಕಾಣುತ್ತವೆ. ಕೈದಿಗೆ ಮಾತ್ರ ತನ್ನನ್ನು ಈಗ ನೋಡುತ್ತಿದ್ದಾನೋ ಇಲ್ಲವೋ ತಿಳಿಯದು. ಜೆರೆಮಿ ಬೆಂಥಾಮ್ ಎಂಬ ಇಂಗ್ಲಿಷ್ ಚಿಂತಕ ಹದಿನೆಂಟನೆಯ ಶತಮಾನದ ಕೊನೆಗೆ ಮುಂದಿಟ್ಟ ನಕ್ಷೆಯ ನೆರಳಿದು. ಗಲ್ಲಿಗೇರಿಸುವ ಕಟ್ಟೆಯನ್ನೂ ಕೆಲವು ಬ್ಯಾರಕ್ಕುಗಳನ್ನೂ ಪಾರ್ಕಿನಲ್ಲಿ ಉಳಿಸಿಕೊಂಡಿದ್ದಾರೆ.

ಆದರೆ ಈ ಜೈಲಿನ ಬಹು ದೊಡ್ಡ ಕತೆ ಕಳ್ಳರದ್ದಲ್ಲ. 1975ರ ಜೂನ್ 26ರ ಬೆಳಿಗ್ಗೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ತಂಗಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಹಿಡಿದು ಇಲ್ಲಿಗೆ ತಂದರು. ತುರ್ತುಪರಿಸ್ಥಿತಿಯಲ್ಲಿ ರಾಮಕೃಷ್ಣ ಹೆಗಡೆ, ದೇವೇಗೌಡರೂ ಇಲ್ಲಿದ್ದರು. 1976ರ ಮೇ ತಿಂಗಳಲ್ಲಿ ‘ಸಂಸ್ಕಾರ’ ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿಯನ್ನು ಬಂಧಿಸಿದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರೂ ಅಂತಿಮ ಆರೋಪಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಹಾಗಿದ್ದೂ ಮೀಸಾ ಕಾಯ್ದೆಯಡಿ ತಿಂಗಳುಗಟ್ಟಲೆ ಒಳಗಿಟ್ಟರು. ತೀವ್ರ ಆಸ್ತಮಾ ಇದ್ದ ಆಕೆಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ರಂದು ಪರೋಲಿನ ಮೇಲೆ ಹೊರಗೆ ಬಿಟ್ಟರು, 20ರಂದು ತೀರಿಕೊಂಡರು. ಅಪರಾಧದ ಜಾಗ ತೋರಿಸುತ್ತೇನೆಂದು ಹೊರಟ ಗೈಡಿಗೆ ಇಲ್ಲಿ ತಡವರಿಕೆಯಾದೀತು: ಅಪರಾಧ ನಡೆದದ್ದು ನಿಜ, ಮಾಡಿದವರ ಮೇಲೆ ಕೇಸಾಗಲಿಲ್ಲ.

ಹತ್ತಿರದಲ್ಲೇ ದಂಡಿನ ರಿಚ್ಮಂಡ್ ರಸ್ತೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರ ಮೊಮ್ಮಗಳು 1991ರಲ್ಲಿ ಅಲ್ಲಿನ ತಮ್ಮ ಬಂಗಲೆಯಿಂದ ಕಾಣೆಯಾದರು. ಮೂರು ವರ್ಷ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದವನು, ಒಂದೊಂದು ಸಲ ಒಂದೊಂದು ಕತೆ ಹೇಳಿದ. 1994ರ ಮಾರ್ಚಿನಲ್ಲಿ ಪೊಲೀಸರು ಬಂಗಲೆಯ ಹಿತ್ತಲು ಅಗೆದಾಗ ಮರದ ಪೆಟ್ಟಿಗೆಯಲ್ಲಿ ಆಕೆಯ ಅಸ್ಥಿ ಸಿಕ್ಕಿತು. ಬಂಗಲೆಯ ಗೇಟು, ಶ್ರೀಮಂತ ಮನೆತನ, ಸುಳ್ಳು ಸ್ವಾಮಿ: ವೆಬ್ ಸರಣಿಗೆ ಹೇಳಿ ಮಾಡಿಸಿದ ಸರಕು, ಸರಣಿಯೂ ಬಂದಿದೆ. ಸರಣಿಗಿಂತ ದೊಡ್ಡದು ಈ ಕೇಸಿನ ತೀರ್ಪು. ಗಲ್ಲು ಕೊಡಬೇಕೋ ಬೇಡವೋ ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂದು, ಮೂವರ ಪೀಠ 2008ರ ಜುಲೈನಲ್ಲಿ ನಡುದಾರಿ ಹಿಡಿಯಿತು. ಗಲ್ಲು ಬೇಡ, ಆದರೆ ಜೀವ ಇರುವವರೆಗೆ ಬಿಡುಗಡೆಯೂ ಬೇಡ. ಅಲ್ಲಿಯವರೆಗೆ ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದೇ ಜನ ತಿಳಿದಿದ್ದರು. 2015ರ ಡಿಸೆಂಬರಿನಲ್ಲಿ ಸಂವಿಧಾನ ಪೀಠ ಮೂರು–ಎರಡರ ಬಹುಮತದಲ್ಲಿ ಈ ಹೊಸ ಬಗೆಯ ಶಿಕ್ಷೆಯನ್ನು ಎತ್ತಿಹಿಡಿದದ್ದು ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಬಿಡುಗಡೆಯ ಪ್ರಕರಣದಲ್ಲಿ.

ಆ ಹತ್ಯೆಯ ಕತೆಗೂ ಕೊನೆಯ ಅಂಕ ಬೆಂಗಳೂರಿನದೇ. 1991ರ ಆಗಸ್ಟಿನಲ್ಲಿ ಕೋಣನಕುಂಟೆ ಇನ್ನೂ ನಗರದ ಹೊರಗಿನ ಹಳ್ಳಿ. ಅಲ್ಲಿನ ಒಂದು ಬಾಡಿಗೆ ಮನೆಯಲ್ಲಿ ಹತ್ಯೆಯ ಸಂಚಿನ ಶಿವರಾಸನ್, ಶುಭಾ ಮತ್ತು ಇನ್ನೂ ಐವರು ಅಡಗಿದ್ದರು. ಕರ್ನಾಟಕ ಕೇಡರಿನ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ದಳ ಮನೆಯನ್ನು ಸುತ್ತುವರಿಯಿತು. ಸೈನೈಡ್ ನುಂಗುವವರನ್ನು ಜೀವಂತ ಹಿಡಿಯುವುದು ಹೇಗೆಂಬ ಲೆಕ್ಕಾಚಾರದಲ್ಲಿ ಸಮಯ ಸರಿಯಿತು. 20ರ ಬೆಳಗಿನ ಜಾವ ಕಮಾಂಡೊಗಳು ನುಗ್ಗಿದಾಗ ಒಳಗೆ ಏಳು ಹೆಣ. ಅವತ್ತು ರಾಜೀವರ ಹುಟ್ಟುಹಬ್ಬ. ಎ.ಎಂ.ಆರ್. ರಮೇಶ್ ಈ ದಿನಗಳನ್ನೇ ‘ಸೈನೈಡ್’ ಸಿನಿಮಾ ಮಾಡಿದರು. ಊರ ಹೊರಗಿನ ಬಾಡಿಗೆ ಮನೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಹೊಸಬರು ಬಂದು ಹೋಗುವುದು ರೂಢಿಯಾದ ಇಂಥ ಅಂಚಿನಲ್ಲಿ ಮುಖ ನೆನಪಿಟ್ಟುಕೊಳ್ಳುವವರು ಕಡಿಮೆ. ಇವತ್ತಿನ ಹೆಬ್ಬಗೋಡಿ, ಚಂದಾಪುರಗಳೂ ಹಾಗೆಯೇ.

ರೌಡಿಗಳ ದಾರಿಯನ್ನು ಬೇಗ ದಾಟಿಬಿಡುವುದು ಒಳ್ಳೆಯದು. ಎಂ.ಪಿ. ಜಯರಾಜ್, ಕೊತ್ವಾಲ್ ರಾಮಚಂದ್ರ, ಆಯಿಲ್ ಕುಮಾರ್ ಹೆಸರುಗಳು ಬೆಂಗಳೂರಿನ ಹೋಟೆಲು ಟೇಬಲ್ಲುಗಳಲ್ಲಿ ಇನ್ನೂ ಓಡಾಡುತ್ತವೆ. 1989ರಲ್ಲಿ ಲಾಲ್‌ಬಾಗ್ ಬಳಿ ಜಯರಾಜ್ ಕೊಲೆಯಾದ ಜಾಗ ತೋರಿಸಲು ಎಷ್ಟೋ ಮಂದಿ ಸಿಗುತ್ತಾರೆ. ‘ಓಂ’, ‘ಆ ದಿನಗಳು’ ಸಿನಿಮಾಗಳೂ ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಪುಸ್ತಕವೂ ಆ ಕೆಲಸ ಮಾಡಿ ಮುಗಿಸಿವೆ. ಲಾಂಗು ಹಿಡಿದವನ ಹೆಸರು ಎಲ್ಲರ ಬಾಯಲ್ಲಿ, ಪೆಟ್ಟು ತಿಂದ ಅಂಗಡಿಯವನ ಹೆಸರು ಯಾರಿಗೂ ಬೇಡ. ವೈಟ್‌ಚಾಪೆಲಿನ ಕಾಯಿಲೆಯೇ ಇದು.

ಹಳೇ ಜೈಲು ಜಾಗ ಬಿಟ್ಟುಕೊಟ್ಟದ್ದು ಹೊಸೂರು ರಸ್ತೆಗೆ. ಪರಪ್ಪನ ಅಗ್ರಹಾರದ ಹೊಸ ಸೆಂಟ್ರಲ್ ಜೈಲಿಗೆ ಹೊಸ ರೋಡ್ ಮೆಟ್ರೊ ನಿಲ್ದಾಣದಲ್ಲಿ ಇಳಿಯಬೇಕು. ನಕಲಿ ಛಾಪಾಕಾಗದದ ತೆಲಗಿ ಇಲ್ಲಿದ್ದ. 2013ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಜೈಶಂಕರ್ ಎಂಬ ಕೈದಿ ಗೋಡೆ ಹಾರಿ ತಪ್ಪಿಸಿಕೊಂಡ. ಸೇಲಂ ಜಿಲ್ಲೆಯ ಲಾರಿ ಡ್ರೈವರ್. ಎರಡು ರಾಜ್ಯಗಳ ಹೆದ್ದಾರಿಗಳ ಬದಿಯಲ್ಲಿ ಅತ್ಯಾಚಾರ, ಕೊಲೆ ಮಾಡಿಕೊಂಡು ಬಂದವನು. 2011ರಲ್ಲಿ ತಮಿಳುನಾಡು ಪೊಲೀಸರಿಂದ ತಪ್ಪಿಸಿಕೊಂಡು ಕರ್ನಾಟಕಕ್ಕೆ ನುಗ್ಗಿ, ಇಲ್ಲೂ ಅದೇ ಕೃತ್ಯಗಳನ್ನು ನಡೆಸಿ ಸಿಕ್ಕಿಬಿದ್ದಿದ್ದ. ಈ ಸಲ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡವನು ಐದು ದಿನದ ನಂತರ ಸಿಕ್ಕಿದ್ದು ಎಲ್ಲೋ ದೂರದಲ್ಲಲ್ಲ, ಇದೇ ರಸ್ತೆಯ ಕೂಡ್ಲು ಗೇಟ್ ಹತ್ತಿರ.

ಇದೇ ಜೈಲಿನ ಆವರಣದಲ್ಲಿ 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರಿಗೆ ಆದಾಯ ಮೀರಿದ ಆಸ್ತಿಯ ಕೇಸಿನಲ್ಲಿ ನಾಲ್ಕು ವರ್ಷ ಸಜೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು. ತಮಿಳುನಾಡಿನಲ್ಲಿ ವಿಚಾರಣೆ ನ್ಯಾಯವಾಗಿ ನಡೆಯದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಕೇಸನ್ನು ಗಡಿ ದಾಟಿಸಿತ್ತು. ಲಿಮಿಟ್ ಬದಲಾಯಿಸಿದ್ದರಿಂದಲೇ ತೀರ್ಪಿನ ದಡ ಮುಟ್ಟಿದ ಕೇಸು ಇದೊಂದೇ ಇರಬೇಕು ಈ ದಾರಿಯಲ್ಲಿ. ಹೈಕೋರ್ಟು ಖುಲಾಸೆ ಮಾಡಿ, ಸುಪ್ರೀಂ ಕೋರ್ಟು 2017ರ ಫೆಬ್ರವರಿ 14ರಂದು ಮತ್ತೆ ಶಿಕ್ಷೆ ಎತ್ತಿಹಿಡಿಯುವ ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು. ಮರುದಿನ ಅದೇ ಕೇಸಿನ ಇನ್ನೊಬ್ಬ ಅಪರಾಧಿ ವಿ.ಕೆ. ಶಶಿಕಲಾ ಚೆನ್ನೈನಿಂದ ಕಾರಿನಲ್ಲಿ ಬಂದು ಶರಣಾದರು. 2021ರ ಫೆಬ್ರವರಿಯಲ್ಲಿ ಅವರು ವಾಪಸು ಹೊರಟದ್ದೂ ಹೊಸೂರಿನ ಮೇಲೆಯೇ. ಕಾರಿನ ಮೇಲಿನ ಪಕ್ಷದ ಬಾವುಟಕ್ಕೆ ಗಡಿಯಲ್ಲಿ ತಮಿಳುನಾಡು ಪೊಲೀಸರ ಆಕ್ಷೇಪಣೆ, ದಾರಿಯುದ್ದಕ್ಕೂ ಹೂಮಳೆ.

ಬೊಮ್ಮಸಂದ್ರ, ಚಂದಾಪುರ ದಾಟಿ ಅತ್ತಿಬೆಲೆಗೆ ಬಂದರೆ ಈ ರಸ್ತೆಯ ಹಳೆಯ, ಲಾಭದ ಅಪರಾಧವಾದ ಕಳ್ಳಸಾಗಣೆಯ ಅಡ್ಡೆ. ಅದರ ಬೇರು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ಒಬ್ಬ ಶುದ್ಧಹಸ್ತರ ಆದರ್ಶದಲ್ಲಿದೆ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ ಅಕ್ಟೋಬರ್ 1ರಂದು ಪಾನನಿರೋಧ ಜಾರಿಗೆ ತಂದರು. ಮೊದಲು ಆರಿಸಿಕೊಂಡದ್ದು ತಮ್ಮ ಸೇಲಂ ಜಿಲ್ಲೆಯನ್ನೇ. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. ಅತ್ತಿಬೆಲೆ ಮೈಸೂರು ಸಂಸ್ಥಾನ. ಒಂದೇ ರಸ್ತೆ, ಒಂದೇ ಸಂತೆ, ನೆಂಟರಿಷ್ಟರು ಎರಡೂ ಕಡೆ. ಗೆರೆಯಾಚೆ ಕುಡಿದರೆ ಅಪರಾಧ, ಈಚೆ ಕುಡಿದರೆ ಸರ್ಕಾರಕ್ಕೆ ವರಮಾನ. ಹೆಂಡದ ವರಮಾನ ಹೋದದ್ದನ್ನು ತುಂಬಿಕೊಳ್ಳಲು ರಾಜಾಜಿ 1939ರಲ್ಲಿ ಮಾರಾಟ ತೆರಿಗೆ ತಂದರು. ಅದನ್ನು ನೋಡಿ ಉಳಿದ ಪ್ರಾಂತ್ಯಗಳೂ ತಂದವು, ಗಡಿಗಳಲ್ಲಿ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದವು, ಚೆಕ್‌ಪೋಸ್ಟಿನ ಜತೆ ಬಿಲ್ಲಿಲ್ಲದ ಲೋಡುಗಳ ಕಸುಬೂ ಬೆಳೆಯಿತು. ಹೆಂಡ ನಿಲ್ಲಿಸಲು ಹೋಗಿ ಲಾರಿ ನಿಲ್ಲಿಸುವಂತಾದದ್ದು ಹೀಗೆ.

ತಮಿಳುನಾಡು 1971ರಲ್ಲಿ ಪಾನನಿರೋಧ ತೆಗೆಯಿತು, 1974ರಲ್ಲಿ ಮತ್ತೆ ಹೇರಿತು, 1981ರಲ್ಲಿ ಮತ್ತೆ ಸಡಿಲಿಸಿತು. ಆ ವರ್ಷದ ಜುಲೈನಲ್ಲೇ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕಾರಣ ಮೆಥನಾಲ್. ಬಣ್ಣ, ವಾರ್ನಿಷ್ ಕಾರ್ಖಾನೆಗಳಲ್ಲಿ ಬಳಸುವ ಈ ಸ್ಪಿರಿಟ್ಟಿಗೂ ಕುಡಿಯುವ ಸ್ಪಿರಿಟ್ಟಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ, ವಾಸನೆಯಲ್ಲೂ ಅಷ್ಟಾಗಿ ಇಲ್ಲ. ಬೆಲೆ ಮಾತ್ರ ಅಗ್ಗ. ಕುಡಿದ ಹೊತ್ತಿನಲ್ಲಿ ಅಮಲೇ. ಅರ್ಧ ದಿನದ ಮೇಲೆ ಅದು ಯಕೃತ್ತಿನಲ್ಲಿ ಒಡೆದು ಫಾರ್ಮಿಕ್ ಆಮ್ಲವಾಗುತ್ತದೆ. ಮೊದಲು ಕಣ್ಣು ಮಂಜಾಗುತ್ತದೆ, ಹೊಟ್ಟೆ ಹಿಂಡುತ್ತದೆ, ಆಮೇಲೆ ಉಸಿರು. ಕುಡಿದವನು ರಾತ್ರಿಯ ಅಮಲು ಇಳಿದಿಲ್ಲ ಎಂದುಕೊಂಡು ಮಲಗುವುದರಿಂದಲೇ ಆಸ್ಪತ್ರೆಗೆ ತಡವಾಗುತ್ತದೆ. ಇದಕ್ಕೆ ಕೊಡುವ ಮದ್ದುಗಳಲ್ಲಿ ಒಂದು ಶುದ್ಧ ಎಥನಾಲ್, ಅಂದರೆ ಒಳ್ಳೆಯ ಮದ್ಯವೇ.

ಇಪ್ಪತ್ತೇಳು ವರ್ಷಕ್ಕೆ ಅದೇ ಮರುಕಳಿಸಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ ಗಾರೆ ಕೆಲಸದವರ, ಹಮಾಲಿಗಳ ಪಾಲಿಗೆ ಕೈಗೆಟಕುವ ದರದಲ್ಲಿದ್ದ ಒಂದೇ ಮದ್ಯ. ಹೆಂಗಸರ ಹೋರಾಟಗಳ ಬೇಡಿಕೆ ಈಡೇರಿತೇನೋ ಸರಿ. ಆದರೆ ಕುಡಿಯುವವರು ಬಾರಿನ ದರಕ್ಕೆ ಏರಲಾರದೆ ಕಳ್ಳಬಟ್ಟಿಗೆ ಇಳಿದರು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಇನ್ನೂ ನಡೆಯುತ್ತಿದ್ದಾಗಲೇ ಆನೇಕಲ್ ಸೀಮೆ, ಬೆಂಗಳೂರು, ಕೋಲಾರ, ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಸಾವು ಶುರುವಾಯಿತು. ಎರಡೂ ರಾಜ್ಯ ಸೇರಿ ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಬಹುಪಾಲು ಕೂಲಿಗಳು. ಗಡಿಯ ಎರಡು ಬದಿಯ ಸಾವನ್ನು ಎರಡು ಸರ್ಕಾರ ಬೇರೆ ಬೇರೆಯಾಗಿ ಎಣಿಸಿದವು. ಬೆಂಗಳೂರಿನ ಯಾವ ಒಂಟಿ ಕೊಲೆಗೂ ಇಷ್ಟು ಹೆಣ ಬಿದ್ದಿಲ್ಲ, ಇಷ್ಟು ಬೇಗ ಮರೆತೂ ಹೋಗಿಲ್ಲ. ಇದರ ಮೇಲೆ ಹೆಸರಾದ ಸಿನಿಮಾ ಇಲ್ಲ, ಎದೆಯೊಡ್ಡಿದ ಹೀರೊ ಇಲ್ಲ.

ಅತ್ತಿಬೆಲೆಯಲ್ಲಿ ಮಾರಾಟ ತೆರಿಗೆಗಾಗಿ ಲಾರಿ ನಿಲ್ಲಿಸುವುದು 2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ನಿಂತಿತು. ಮದ್ಯದ ಗೆರೆ ಮಾತ್ರ ಅಳಿಸಿಲ್ಲ; ಮದ್ಯ ಜಿಎಸ್‌ಟಿಯ ಹೊರಗೇ ಉಳಿದಿದೆ, ಒಂದೊಂದು ರಾಜ್ಯಕ್ಕೆ ಒಂದೊಂದು ದರ. 2020ರ ಮೇ 4ರಂದು ಲಾಕ್‌ಡೌನ್ ನಡುವೆ ಕರ್ನಾಟಕ ಮದ್ಯದಂಗಡಿ ತೆರೆಯಿತು. ಗಡಿ ಜಿಲ್ಲೆಗಳ ಜನ ಪಕ್ಕದ ರಾಜ್ಯಗಳಿಗೆ ಹೋಗುತ್ತಿದ್ದಾರೆ, ತಡೆಯುವುದು ಕಷ್ಟ ಎಂಬ ಕಾರಣ ಕೊಟ್ಟು ತಮಿಳುನಾಡು 7ರಂದು ತನ್ನ ಅಂಗಡಿಗಳನ್ನೂ ತೆರೆಯಿತು. ಮರುದಿನ ಮದ್ರಾಸ್ ಹೈಕೋರ್ಟ್ ಮುಚ್ಚಿಸಿತು, 15ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, 16ಕ್ಕೆ ಅಂಗಡಿಗಳ ಮುಂದೆ ಮತ್ತೆ ಸಾಲು.